ದೃಷ್ಟಿ ಕಾಸಿನಲ್ಲಿ ಹೊರಟ ರೈಲು

ಕೆಲವರಿಗೆ ದುಃಖವನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಆಗುವುದಿಲ್ಲ. ನನಗೆ ಆ ತೊಂದರೆ ಇಲ್ಲ. ದುಃಖವಾದರೆ ಸೆರಗು ಹೊದ್ದು ಮಲಗಿಬಿಡುತ್ತೇನೆ, ಬೆಳಗಾಗುವಷ್ಟರಲ್ಲಿ ಅರ್ಧ ಕರಗಿರುತ್ತದೆ. ನನಗೆ ತಡೆಯಲಾಗದಿರುವುದು ಸಂತೋಷ. ಒಳ್ಳೆಯ ಸುದ್ದಿ ಕಿವಿಗೆ ಬಿದ್ದರೆ ಮುಗಿಯಿತು, ಯಾರಿಗಾದರೂ ಹೇಳುವವರೆಗೆ ಉಂಡದ್ದು ಅರಗುವುದಿಲ್ಲ. ಮನೆಯಲ್ಲಿ ಯಾರೂ ಸಿಗದಿದ್ದರೆ ಹಸುವಿಗೆ ಹೇಳಿದ್ದೂ ಉಂಟು. ಹಸು ಒಳ್ಳೆಯ ಜೀವ, ಮಾತಿನ ನಡುವೆ ತನ್ನ ಮೊಮ್ಮಕ್ಕಳ ಸುದ್ದಿ ತೆಗೆಯುವುದಿಲ್ಲ. ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು ಇಷ್ಟುದ್ದ ಬರೆಯಲು ಕೂತಿದ್ದೇನೆಂದರೆ ಒಳಗಿನ ಒತ್ತಡ ಎಷ್ಟಿರಬೇಕು, ನೀವೇ ಯೋಚಿಸಿ.

ಸುದ್ದಿ ಇಷ್ಟೇ. ನನ್ನ ಮೊಮ್ಮಗಳು ಚೈತ್ರ ಭೋಪಾಲಿಗೆ ಹೋಗಿದ್ದಾಳೆ. ಮದುವೆಯಾಗಿ ಅಲ್ಲ, ಕೆಲಸ ಸಿಕ್ಕಿಯೂ ಅಲ್ಲ. ಜೇನುಹುಳ ಎಣಿಸಿದ್ದಕ್ಕೆ.

ಅವಳು ಚಾಮರಾಜನಗರದಲ್ಲಿ ಹಾಸ್ಟೆಲ್ಲಿನಲ್ಲಿದ್ದುಕೊಂಡು ಬಿ.ಎಸ್ಸಿ. ಓದುತ್ತಾಳೆ. ಅವರ ಕಾಲೇಜಿನಲ್ಲಿ ಒಂದು ವಿಜ್ಞಾನ ಸಂಘವಿದೆ. ಹೋದ ವರ್ಷ ಚೈತ್ರಳೂ ಸೇರಿ ಆ ಸಂಘದ ನಾಲ್ಕು ಹುಡುಗಿಯರು ನಮ್ಮ ಸೂರ್ಯಕಾಂತಿ ಹೊಲಕ್ಕೆ ಬಂದು, ಬೆಳಗಿನಿಂದ ಒಂದೊಂದು ಹೂವಿನ ಮುಂದೆ ಒಬ್ಬೊಬ್ಬರು ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಓಲೆಯೋ ಮೂಗುತಿಯೋ ಕಳೆದುಕೊಂಡಿರಬೇಕು ಎಂದುಕೊಂಡು ನಾನೂ ಹೋಗಿ ಬಗ್ಗಿ ಮಣ್ಣು ಕೆದಕತೊಡಗಿದೆ. ಎಷ್ಟೋ ಹೊತ್ತಿನ ಮೇಲೆ ಚೈತ್ರ, "ಅಜ್ಜಿ, ನೀನು ಏನ್ ಹುಡುಕ್ತಿದ್ದೀಯ?" ಎಂದಳು. ನೀವು ಹುಡುಕುತ್ತಿರುವುದನ್ನೇ, ಎಂದೆ. ಅವರು ಹೂವಿಗೆ ಬರುವ ಜೇನನ್ನು ಎಣಿಸುತ್ತಿದ್ದರಂತೆ. ಯಾವ ಹೊತ್ತಿಗೆ ಹೆಚ್ಚು ಬರುತ್ತವೆ, ಪಕ್ಕದ ಹೊಲದಲ್ಲಿ ಔಷಧಿ ಹೊಡೆದರೆ ಎಷ್ಟು ದಿನ ಮುನಿಸಿಕೊಳ್ಳುತ್ತವೆ, ಜೇನು ಬಂದ ಹೂವಿನಲ್ಲಿ ಕಾಳು ಹೇಗೆ ಕಟ್ಟುತ್ತದೆ, ಇವೆಲ್ಲ ಅವರ ಲೆಕ್ಕ. ನಾನು ಕುರಿ ಎಣಿಸಿದ್ದೇನೆ, ಮದುವೆಮನೆಯಲ್ಲಿ ಎಲೆ ಎಣಿಸಿದ್ದೇನೆ, ಆದರೆ ನಿಂತಲ್ಲಿ ನಿಲ್ಲದ ಹುಳವನ್ನು ಎಣಿಸುವ ಬುದ್ಧಿ ಯಾವತ್ತೂ ಹೊಳೆದಿರಲಿಲ್ಲ. ಆ ಎಣಿಕೆಯನ್ನು ದೊಡ್ಡ ಜನ ಮೆಚ್ಚಿ, ದೇಶದ ವಿದ್ಯಾರ್ಥಿಗಳೆಲ್ಲ ಸೇರುವ ವಿಜ್ಞಾನ ಸಮಾವೇಶಕ್ಕೆ ಕರೆದರು.

ಕರೆದರೇನೋ ಸರಿ, ಹೋಗಿಬರುವ ಖರ್ಚಿಗೆ ಕಾಲೇಜಿನಲ್ಲಿ ಒಬ್ಬರಿಗಾಗುವಷ್ಟು ಮಾತ್ರ ದುಡ್ಡಿತ್ತು. ಯಾರಾದರೂ ಒಬ್ಬರು ಹೋಗಿ ಬನ್ನಿ ಎಂದು ಅವರ ಮೇಷ್ಟ್ರು ಹೇಳಿದರಂತೆ. ನಾಲ್ಕೂ ಹುಡುಗಿಯರು ನಮ್ಮ ಜಗುಲಿಯ ಮೇಲೆ ಕೂತು ನೀನು ಹೋಗು, ನೀನು ಹೋಗು ಎಂದು ಒಬ್ಬರನ್ನೊಬ್ಬರು ತಳ್ಳಾಡಿದರು. ಅವರಲ್ಲಿ ಪುಣಜನೂರಿನ ರತ್ನ ಎಂಬ ಹುಡುಗಿ ಒಬ್ಬಳು. ಅಪ್ಪ ಅಮ್ಮ ಇಬ್ಬರೂ ಕೂಲಿಗೆ ಹೋಗುವವರು. ಅವಳು ಇನ್ನೂ ರೈಲು ಹತ್ತಿರಲಿಲ್ಲ. "ಚೈತ್ರ ಓಗ್ಲಿ ಬುಡಿ ಅಜ್ಜಿ, ಅವ್ಳು ಚೆನ್ನಾಗಿ ಮಾತಾಡ್ತಳೆ" ಎಂದು ಹೇಳಿ ಕಾಲ್ಬೆರಳು ನೋಡಿಕೊಂಡು ಕೂತಳು. ಚೈತ್ರ ಮಾತ್ರ ಹಟಕ್ಕೆ ಬಿದ್ದಳು. ಎಣಿಸಿದ್ದು ನಾಲ್ಕು ಜನ, ಹೋದರೆ ನಾಲ್ಕು ಜನ, ಇಲ್ಲದಿದ್ದರೆ ಯಾರೂ ಇಲ್ಲ. ಆಗ ಫಜೀತಿಗೆ ಬಿದ್ದವಳು ನಾನು. ಏಕೆಂದರೆ ಅಷ್ಟರಲ್ಲಿ ನಾನು ಹಸುವಿಗೆ ಮಾತ್ರವಲ್ಲ, ಇಡೀ ಬೀದಿಗೆ ಹೇಳಿಯಾಗಿತ್ತು.

ಉಪಾಯ ಹೇಳಿದ್ದೂ ಚೈತ್ರಳೇ. ನಮ್ಮ ಹೊಲ ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿದೆ. ಸೂರ್ಯಕಾಂತಿ ಅರಳಿತೆಂದರೆ ಕೇರಳದ ಕಾರು, ಮೈಸೂರಿನ ಕಾರು ಎಲ್ಲವೂ ಅಲ್ಲೇ ಬ್ರೇಕು ಹಾಕುತ್ತವೆ. ಜನ ಇಳಿದು ಹೂವಿನ ನಡುವೆ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ. ಎದುರು ಹೊಲದ ಬಸವಣ್ಣ ಹಗ್ಗ ಕಟ್ಟಿ, ತಲೆಗೆ ಇಪ್ಪತ್ತು ರೂಪಾಯಿ ಎಂದು ಬೋರ್ಡು ಹಾಕಿಕೊಂಡು ಕೂರುತ್ತಾನೆ. ನಾವೂ ಹಾಗೆ ಮಾಡೋಣ ಎಂದಳು. ಹೂವು ನೋಡಲು ಕಾಸು ಕೇಳುವುದೇ? ನನಗೆ ಮೈಯೆಲ್ಲ ಮುದುಡಿಹೋಯಿತು. ನಾಳೆ ಹುಣ್ಣಿಮೆ ಚಂದ್ರನಿಗೂ ಬೇಲಿ ಹಾಕಿ ಟಿಕೇಟು ಮಾರುವಿರಾ ಎಂದು ಕೇಳಿದೆ. ಆದರೆ ರತ್ನ ಕಾಲ್ಬೆರಳು ನೋಡಿಕೊಂಡು ಕೂತಿದ್ದು ಕಣ್ಣಿಗೆ ಕಟ್ಟಿತ್ತು. ಹೂಂ ಅಂದೆ. ಹುಡುಗಿಯರು ಕಾಲೇಜಿಗೆ ಹೋಗುವ ದಿನಗಳಲ್ಲಿ ಡಬ್ಬಿ ಹಿಡಿದು ಕೂರುವ ಪಾಳಿ ನನ್ನದಾಯಿತು.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ಅರಳಿದ ಸೂರ್ಯಕಾಂತಿ ಮೂಡಲಿಗೆ ಮುಖ ಮಾಡಿ ನಿಲ್ಲುತ್ತದೆ. ಬಸವಣ್ಣನ ಹೊಲ ರಸ್ತೆಯ ಪಡುವಲಿಗಿರುವುದರಿಂದ ಅವನ ಹೂಗಳೆಲ್ಲ ರಸ್ತೆಯತ್ತ ನೋಡುತ್ತ ಬನ್ನಿ ಬನ್ನಿ ಎಂದು ನಗುತ್ತವೆ. ನಮ್ಮದು ಮೂಡಲಿಗಿದೆ. ನಮ್ಮ ಹೂಗಳು ರಸ್ತೆಗೆ ಬೆನ್ನು ಹಾಕಿ, ಹೊಸ ಸೊಸೆಯ ಹಾಗೆ ಆ ಕಡೆ ತಿರುಗಿ ನಿಂತಿರುತ್ತವೆ. ನನ್ನ ಸಂಕೋಚ ಬೆಳೆಗೂ ಅಂಟಿದೆ ಎಂದು ನಮ್ಮ ಯಜಮಾನರು ಹಂಗಿಸಿದರು. ಸಾಲದ್ದಕ್ಕೆ ಹೂವಿನ ಚೆಲುವು ಹತ್ತು ದಿನದ್ದು. ಆಮೇಲೆ ಕಾಳು ತುಂಬಿ ತಲೆ ಬಗ್ಗುತ್ತದೆ. ತಲೆ ಬಗ್ಗಿದರೆ ನಮಗೆ ಎಣ್ಣೆ, ಫೋಟೋದವರಿಗೆ ಏನೂ ಇಲ್ಲ. ಅಷ್ಟರೊಳಗೆ ದುಡ್ಡು ಕೂಡಬೇಕು, ಟಿಕೇಟು ಮಾಡಿಸಬೇಕು.

ಮೊದಲ ದಿನ ಮೂರು ಕಾರು ನಿಂತವು. ಬಿಸಿಲಲ್ಲಿ ಬಂದವರನ್ನು ಕಂಡರೆ ನನ್ನ ಬಾಯಿಂದ ಬರುವ ಮೊದಲ ಮಾತು ಊಟ ಆಯ್ತಾ ಎಂಬುದು. ಇಪ್ಪತ್ತು ರೂಪಾಯಿ ಕೊಡಿ ಎಂಬ ಮಾತನ್ನು ಎರಡನೆಯದಾಗಿ ಹೇಳೋಣ ಎಂದುಕೊಂಡಿದ್ದೆ. ಆದರೆ ಊಟ ಆಗಿಲ್ಲ ಎಂದವರ ಹತ್ತಿರ ಕಾಸು ಕೇಳುವುದು ಹೇಗೆ? ಮಜ್ಜಿಗೆ ಕೊಟ್ಟೆ. ಮಕ್ಕಳಿಗೆ ಬೇಯಿಸಿದ ಕಡಲೆಕಾಯಿ ಕೊಟ್ಟೆ. ಒಂದು ಮಗು ಅತ್ತಿತೆಂದು ಹೂವನ್ನೂ ಕಿತ್ತುಕೊಟ್ಟೆ. ಸಂಜೆ ಯಜಮಾನರು ಡಬ್ಬಿ ಅಲ್ಲಾಡಿಸಿದರು. ಏನೋ ಲೊಟಕ್ಕೆಂದಿತು. ತೆಗೆದು ನೋಡಿದರೆ ಒಂದು ಚಾಕಲೇಟು. ಯಾವುದೋ ಮಗು ಹಾಕಿ ಹೋಗಿದೆ.

"ಹಿಂಗೇ ನಡೀಲಿ ಕಣಮ್ಮಿ" ಎಂದರು ಯಜಮಾನರು. "ಹುಡ್ಗೀರು ಭೋಪಾಲ್‌ಗೆ ನಡ್ಕಂಡೇ ಓಗ್ಲಿ, ದಾರೀಲಿ ಚೀಪಕ್ಕೆ ಚಾಕಲೇಟಾದ್ರೂ ಅದೆ."

ನಾಲ್ಕನೆಯ ದಿನ ಕೇರಳದ ಬತ್ತೇರಿ ಕಡೆಯ ಒಂದು ವ್ಯಾನು ಬಂತು. ಅದರಲ್ಲಿ ಜರಿಲಂಗ ಉಟ್ಟ ಒಂದು ಕೂಸು. ಹಣೆ ತುಂಬ ಬೊಟ್ಟು, ಕೈ ತುಂಬ ಬಳೆ. ಹೂವಿನ ನಡುವೆ ನಿಲ್ಲಿಸಿ ಫೋಟೋ ತೆಗೆದದ್ದೇ ತಡ, ಅಳಲು ಶುರು ಮಾಡಿತು. ಅಪ್ಪ ಎತ್ತಿಕೊಂಡ, ಅಮ್ಮ ಎತ್ತಿಕೊಂಡಳು, ಡ್ರೈವರು ಹಾರ್ನು ಹೊಡೆದು ತೋರಿಸಿದ, ಅಳು ನಿಲ್ಲಲಿಲ್ಲ. ನಾನು ಆ ತಾಯಿಯ ಮುಖ ನೋಡಿ, "ಕಣ್ಣು" ಎಂದೆ. ಅವರ ಮಲಯಾಳದಲ್ಲೂ ಕಣ್ಣೆಂದರೆ ಕಣ್ಣೇ. ಅವಳು ಹೌದೌದು ಎಂದು ತಲೆ ಆಡಿಸಿದಳು. ಹೊಲದ ಗುಡಿಸಲಿಗೆ ಓಡಿ ಹಿಡಿ ಉಪ್ಪು, ನಾಲ್ಕು ಒಣಮೆಣಸಿನಕಾಯಿ ತಂದು ಕೂಸಿಗೆ ಮೂರು ಸಲ ನಿವಾಳಿಸಿ ಅಂಗಳದ ಒಲೆಗೆ ಹಾಕಿದೆ. ಚಟಪಟ ಎಂದಿತು. ಕೂಸು ಆ ಸದ್ದಿಗೆ ಬೆಚ್ಚಿ ಸುಮ್ಮನಾಯಿತೋ, ದೃಷ್ಟಿ ಹೋಗಿ ಸುಮ್ಮನಾಯಿತೋ, ನಾನು ವಿಜ್ಞಾನ ಸಂಘದವಳಲ್ಲ. ಸುಮ್ಮನಾಗಿದ್ದಂತೂ ನಿಜ. ಅದರ ಅಪ್ಪ ಒಂದು ನೋಟು ತೆಗೆದು ನನ್ನ ಕೈಯಲ್ಲಿಟ್ಟ.

ಆಗ ನೋಡಿ, ನನ್ನ ಕೈ ಮುದುಡಲೇ ಇಲ್ಲ. ದೃಷ್ಟಿ ತೆಗೆದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ನಮ್ಮ ಕಡೆ ನಂಬಿಕೆ. ಹೂವಿಗೆ ಕಾಸು ಕೇಳಲು ನಾಚಿದ್ದ ಬಾಯಿ, ದೃಷ್ಟಿಗೆ ಲೀಲಾಜಾಲವಾಗಿ ತೆರೆದುಕೊಂಡಿತು. ಆ ಡ್ರೈವರು ಹೋಗಿ ಬೇರೆ ಡ್ರೈವರುಗಳಿಗೆಲ್ಲ ಹೇಳಿದನೆಂದು ಕಾಣುತ್ತದೆ. ಮರುದಿನ ಬಸವಣ್ಣನ ನಗುವ ಹೂಗಳನ್ನು ಬಿಟ್ಟು ಕಾರುಗಳು ನಮ್ಮ ಬೆನ್ನು ಹಾಕಿದ ಹೂಗಳ ಹತ್ತಿರ ನಿಂತವು. ಕೂಸುಗಳಿಗೆ ತೆಗೆದೆ, ಮದುವೆಗೆ ಮುಂಚೆಯೇ ಅಪ್ಪಿಕೊಂಡು ಫೋಟೋ ತೆಗೆಸುವ ಮೈಸೂರಿನ ಜೋಡಿಯೊಂದಕ್ಕೆ ಯಜಮಾನರಿಗೆ ಆ ಕಡೆ ತಿರುಗಿ ನಿಲ್ಲಲು ಹೇಳಿ ತೆಗೆದೆ, ಹೊಸ ಕಾರಿಗೂ ತೆಗೆದೆ. ಆಮೇಲೆ ನನಗೊಂದು ನ್ಯಾಯ ಹೊಳೆಯಿತು. ಇಷ್ಟು ಜನ ಬಂದು ನಮ್ಮ ಬೆಳೆಯನ್ನು ಆಹಾ ಓಹೋ ಎನ್ನುತ್ತಾರಲ್ಲ, ಬೆಳೆಗೂ ದೃಷ್ಟಿಯಾಗುವುದಿಲ್ಲವೇ? ಅದನ್ನು ತೆಗೆಯುವ ಉಪ್ಪು ಮೆಣಸಿನಕಾಯಿ ಯಾರು ಕೊಡಬೇಕು? ಹಾಗಾಗಿ ನಿಮಗೆ ಬಿದ್ದ ಕಣ್ಣಿಗೆ ಇಪ್ಪತ್ತು, ನೀವು ಹಾಕಿದ ಕಣ್ಣಿಗೆ ಇಪ್ಪತ್ತು ಎಂದು ಮಾಡಿದೆ. ಯಜಮಾನರು, ಹೋಗುವಾಗಲೂ ಬರುವಾಗಲೂ ಕೊಯ್ಯುವ ನಿನ್ನಂಥ ಗರಗಸವನ್ನು ನಾನು ಕಂಡಿಲ್ಲ ಎಂದರು. ಹೊಗಳಿದ್ದೆಂದೇ ತಿಳಿದುಕೊಂಡೆ.

ಶನಿವಾರ ಮಧ್ಯಾಹ್ನ ಚೈತ್ರ ಮೂವರು ಗೆಳತಿಯರೊಂದಿಗೆ ಬಸ್ಸಿಳಿದಳು. ಹೊಲದಲ್ಲಿ ಮೆಣಸಿನಕಾಯಿ ಹೊಗೆ ಎದ್ದಿದೆ, ಸಾಲಾಗಿ ನಿಂತ ಜನ ಸೀನುತ್ತಿದ್ದಾರೆ, ನಡುವೆ ನಾನು ಕೈ ತಿರುಗಿಸುತ್ತಿದ್ದೇನೆ. ತುಂಬಿದ ಡಬ್ಬಿಯನ್ನು ಹೆಮ್ಮೆಯಿಂದ ಮುಂದೆ ಹಿಡಿದೆ. ಅವಳು ಮುಟ್ಟಲಿಲ್ಲ.

"ಅಜ್ಜಿ, ನಾವು ಓಗ್ತಿರದು ವಿಜ್ಞಾನ ಸಮಾವೇಶಕ್ಕೆ. ದೃಷ್ಟಿ ತೆಗ್ದ ಕಾಸಲ್ಲಿ ಓಗಿ ಅಲ್ಲಿ ಯಾವ ಮುಖ ಇಟ್ಕಂಡು ನಿಂತ್ಕಳದು?"

ಸೆರಗಿನಿಂದ ಕಣ್ಣೊರೆಸಿಕೊಂಡೆ. ಹೊಗೆಯಿಂದ ಎಂದು ಎಲ್ಲರಿಗೂ ಹೇಳಿದೆ. ಆಗ ಮೆಲ್ಲಗೆ ಮಾತಾಡಿದವಳು ರತ್ನ. ಅಜ್ಜಿ, ದೃಷ್ಟಿ ವಿಷಯ ಒತ್ತಟ್ಟಿಗಿರಲಿ, ಈ ಹೊಗೆಗೆ ಜೇನು ಬರುವುದಿಲ್ಲ, ಜೇನು ಬರದಿದ್ದರೆ ಹೂವಿನಲ್ಲಿ ಕಾಳು ಕಟ್ಟುವುದಿಲ್ಲ, ಅದನ್ನೇ ತಾನೇ ನಾವು ಎಣಿಸಿದ್ದು ಎಂದಳು. ತಿರುಗಿ ನೋಡಿದೆ. ಒಲೆಯ ಸುತ್ತಲಿನ ಹೂವಿನಲ್ಲಿ ಒಂದು ಹುಳವೂ ಇರಲಿಲ್ಲ. ಬೆಳೆಗೆ ಬಿದ್ದ ಕಣ್ಣನ್ನು ತೆಗೆಯಲು ಹೋಗಿ ಬೆಳೆಯನ್ನೇ ತೆಗೆಯುತ್ತಿದ್ದೆ. ಒಂದು ಚೊಂಬು ನೀರು ತಂದು ಒಲೆಗೆ ಸುರಿದೆ.

ಹೂವು ತಲೆ ಬಗ್ಗುವ ಮುಂಚೆ ಭಾನುವಾರ ಒಂದೇ ದಿನ ಉಳಿದಿತ್ತು. ಹುಡುಗಿಯರು ಹೊಲದ ನಡುವೆ ನಿಂತು ಬಂದವರಿಗೆ ಜೇನು ತೋರಿಸತೊಡಗಿದರು. ಇದು ತುಡುವೆ, ಇದು ಕೋಲುಜೇನು, ಇದರ ಕಾಲಿಗೆ ಮೆತ್ತಿಕೊಂಡಿರುವ ಹಳದಿ ಪುಡಿಯೇ ನಿಮ್ಮ ಅಡುಗೆಮನೆಯ ಎಣ್ಣೆ ಎಂದು ಚೈತ್ರ ಹೇಳುತ್ತಿದ್ದರೆ ದೊಡ್ಡವರೂ ಬಾಯಿ ಬಿಟ್ಟುಕೊಂಡು ಕೇಳಿದರು. ನಾನೂ ಕೇಳಿದೆ. ಇಷ್ಟು ವರ್ಷ ಬಿತ್ತಿ ಬೆಳೆದವಳಿಗೆ ಕೂಲಿ ಕೇಳದ ಇಷ್ಟು ಆಳುಗಳು ಹೊಲದಲ್ಲಿದ್ದದ್ದು ಗೊತ್ತೇ ಇರಲಿಲ್ಲ. ಅವರ ಮುಂದೆ ಒಂದು ಡಬ್ಬಿ. ಬದುವಿನ ಮೇಲೆ, ಬೆಂಕಿ ಇಲ್ಲದೆ ಬರೀ ಉಪ್ಪು ನಿವಾಳಿಸಿ ನೀರಿಗೆ ಹಾಕುವ ನನ್ನ ಮುಂದೆ ಇನ್ನೊಂದು ಡಬ್ಬಿ. ಯಾವುದರಲ್ಲಿ ಹೆಚ್ಚು ಬಿತ್ತೆಂದು ನಾನು ಹೇಳುವುದಿಲ್ಲ. ವಿಜ್ಞಾನದ ಮರ್ಯಾದೆ ನಮ್ಮ ಮನೆಯ ಮರ್ಯಾದೆಯೂ ಹೌದು.

ಸಂಜೆ ಜೇನಿನ ಡಬ್ಬಿಯ ದುಡ್ಡು ಸಾಲದೆಂದು ಗೊತ್ತಾಯಿತು. ಚೈತ್ರ ಒಂದು ಸಲ ಹೊಲದ ಕಡೆ ನೋಡಿದಳು, ಒಂದು ಸಲ ನನ್ನ ಡಬ್ಬಿಯ ಕಡೆ. ರತ್ನ ಎದ್ದು ಬಂದು ಎರಡೂ ಡಬ್ಬಿಗಳನ್ನು ತನ್ನ ದುಪಟ್ಟಾಕ್ಕೆ ಸುರಿದುಕೊಂಡು ಚೆನ್ನಾಗಿ ಕಲೆಸಿಬಿಟ್ಟಳು.

"ಈಗ ಯಾವ್ದು ದೃಷ್ಟಿದು, ಯಾವ್ದು ಜೇನಿಂದು, ತೋರ್ಸಮ್ಮಿ ನೋಡನ" ಎಂದಳು. "ನಾನು ರೈಲು ಅತ್ತಬೇಕು ಕಣೆ."

ಚೈತ್ರ ನಕ್ಕಳು, ಎಲ್ಲರೂ ನಕ್ಕರು. ಆದರೆ ಒಂದು ಷರತ್ತು ಹಾಕಿದಳು. ಸ್ಟೇಷನ್ನಿನಲ್ಲಿ ಅವರ ಮೇಷ್ಟ್ರ ಮುಂದೆ ನಾನು ಉಪ್ಪು ಮೆಣಸಿನಕಾಯಿ ತೆಗೆಯಬಾರದು. ಆಣೆ ಮಾಡಿದೆ.

ಹೊರಡುವ ದಿನ ಚಾಮರಾಜನಗರದ ಸ್ಟೇಷನ್ನಿಗೆ ಹೋದೆ. ನಾಲ್ವರೂ ಒಂದೇ ಬಣ್ಣದ ಚೂಡಿದಾರ ಹಾಕಿ, ಎಣ್ಣೆ ಹಚ್ಚಿ ಜಡೆ ಬಿಗಿದು ಸಾಲಾಗಿ ನಿಂತಿದ್ದರು. ಪ್ಲಾಟ್‌ಫಾರಂ ಮೇಲಿದ್ದವರೆಲ್ಲ ಇವರನ್ನೇ ನೋಡುತ್ತಿದ್ದಾರೆಂದು ನನಗನ್ನಿಸಿತು. ಸೆರಗಿನ ಗಂಟಿನಲ್ಲಿ ಉಪ್ಪು ಮೆಣಸಿನಕಾಯಿ ಇತ್ತು. ತೆಗೆಯುವುದಿಲ್ಲ ಎಂದು ಆಣೆ ಮಾಡಿದ್ದೆನೇ ಹೊರತು ತರುವುದಿಲ್ಲ ಎಂದಲ್ಲ. ಕೈ ತಾನಾಗಿ ಗಂಟಿನ ಕಡೆ ಹೋಗುತ್ತಿತ್ತು. ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ನಿಂತೆ. ರತ್ನ ಮೆಟ್ಟಿಲ ಮೇಲೆ ಕಾಲಿಡುವ ಮುಂಚೆ ರೈಲಿನ ಬಾಗಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ರೈಲು ಹೊರಟಿತು. ಚೈತ್ರ ಕಿಟಕಿಯಿಂದ ಕೈ ಬೀಸುತ್ತ ನನ್ನ ಸೆರಗಿನ ಗಂಟನ್ನೇ ನೋಡಿ ನಗುತ್ತಿದ್ದಳು. ಮಾತು ಉಳಿಸಿಕೊಂಡೆ, ಆದರೆ ಹೇಗೆ ಉಳಿಸಿಕೊಂಡೆ ಎಂದು ನನಗೇ ಗೊತ್ತು.

ಬರುವಾಗ ಬಸ್ಸಿನಲ್ಲಿ ಪಕ್ಕ ಕೂತವಳಿಗೆ ಹೇಳಿದೆ. ಕಂಡಕ್ಟರಿಗೆ ಹೇಳಿದೆ. ಈರುಳ್ಳಿ ಮೂಟೆಯ ಮೇಲೆ ಕೂತಿದ್ದವನು ಕೇಳಿಸಲಿಲ್ಲ ಎಂದಿದ್ದಕ್ಕೆ ಇನ್ನೊಂದು ಸಲ ಗಟ್ಟಿಯಾಗಿ ಹೇಳಿದೆ. ತೆರಕಣಾಂಬಿ ಬರುವಷ್ಟರಲ್ಲಿ ಭೋಪಾಲಿನ ಸುದ್ದಿ ಡ್ರೈವರಿನ ಸೀಟು ಮುಟ್ಟಿತ್ತು. ಮನೆಗೆ ಬಂದು, ಅಷ್ಟು ಜನರ ಕಣ್ಣು ಆ ಮಕ್ಕಳ ಮೇಲೆ ಬಿತ್ತಲ್ಲ, ತೆಗೆಯಲು ಆಗಲಿಲ್ಲವಲ್ಲ ಎಂದು ಯಜಮಾನರ ಹತ್ತಿರ ಕೊರಗಿದೆ.

"ಅಷ್ಟು ಜನ ಅವ್ರವ್ರ ಗಂಟು ಮೂಟೆ ನೋಡ್ಕತಿದ್ರು" ಎಂದರು ಅವರು. "ಆ ಮೊಗೀನ ರೆಪ್ಪೆ ಬಡೀದೆ ನೋಡ್ದೋಳು ನೀನೊಬ್ಳೇ ಕಣ."

ಯೋಚಿಸಿದರೆ ಮಾತು ನಿಜ. ಚೈತ್ರ ಹುಟ್ಟಿದಾಗಿನಿಂದ ಅವಳ ಮೇಲಿಂದ ಕಣ್ಣು ತೆಗೆಯದವಳು ನಾನೇ. ಸೆರಗಿನ ಗಂಟು ಬಿಚ್ಚಿ, ನನಗೆ ನಾನೇ ಮೂರು ಸಲ ನಿವಾಳಿಸಿಕೊಂಡು ಒಲೆಗೆ ಹಾಕಿದೆ. ಮನೆಯಾಚೆ ಇದ್ದ ಹಸುವೂ ಸೀನುವಷ್ಟು ಘಾಟು ಎದ್ದಿತು. ಕಣ್ಣೊರೆಸಿಕೊಂಡು ತಿರುಗಿದರೆ ಯಜಮಾನರು ಡಬ್ಬಿ ಹಿಡಿದು ನಿಂತಿದ್ದಾರೆ. ಮನೆಯವಳಿಗೂ ಲೆಕ್ಕವೇ ಎಂದೆ. ಕಣ್ಣು ಹಾಕಿದ್ದಕ್ಕೆ ಇಪ್ಪತ್ತು ಎಂದು ನೀನೇ ಮಾಡಿದ ಕಾನೂನು ಎಂದರು. ಇಪ್ಪತ್ತು ರೂಪಾಯಿ ಹಾಕಿದೆ.

ನಿನ್ನೆ ಚೈತ್ರ ಫೋನು ಮಾಡಿದ್ದಳು. ನಾಲ್ವರೂ ವೇದಿಕೆಯ ಮೇಲೆ ನಿಂತು ಮಾತಾಡಿದರಂತೆ. ರತ್ನ ಕಿಟಕಿ ಬಿಟ್ಟು ಏಳದೆ ದಾರಿಯುದ್ದಕ್ಕೂ ರೈಲಿನ ಆಚೆ ನೋಡುತ್ತಿದ್ದಳಂತೆ. ಹಸುವಿಗೆ ಹೇಳಿದೆ, ಬೀದಿಗೆ ಹೇಳಿದೆ, ಈಗ ಕೂತು ನಿಮಗೂ ಹೇಳಿಬಿಟ್ಟೆ. ಇಷ್ಟು ಹೊಗಳಿ ಮತ್ತೆ ಕಣ್ಣು ಹಾಕಿದ್ದಕ್ಕೆ ಇನ್ನೊಂದು ಇಪ್ಪತ್ತು ರೂಪಾಯಿ ತೆಗೆದಿಡಬೇಕು, ಡಬ್ಬಿ ಹಿಡಿದುಕೊಂಡವರು ಆಗಲೇ ಬಾಗಿಲಲ್ಲಿ ಕೆಮ್ಮುತ್ತಿದ್ದಾರೆ.