ಬಾಗಿಲಿಗೆ ಅಡ್ಡ ಕೂತ ಮಾಸು ಮಹಾಶಯರಿಗೆ

ಗರ್ಭಕೋಶದ ಕೆಳಮಹಡಿ, ಮುನಿರ್ಕಾ, ಹೊಸದಿಲ್ಲಿ
ಡಿಸೆಂಬರ್ ೨೦೦೬

ಮಾನ್ಯರೇ,

ತಮ್ಮ ಸದ್ಯದ ಮನೆಯೊಡತಿಯಾದ ಅಹಲ್ಯಾ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಹೊಟ್ಟೆ ಅಡ್ಡ ಬರುವುದರಿಂದ ಸಾಷ್ಟಾಂಗವನ್ನು ಕಾಗದದ ಮೇಲಷ್ಟೇ ಮಾಡಲು ಸಾಧ್ಯವಾಗಿದೆ, ದಯವಿಟ್ಟು ಮನ್ನಿಸಬೇಕು.

ಮುನಿರ್ಕಾದಲ್ಲಿ ಒಂದು ಕೋಣೆ ಹಿಡಿಯಲು ನಾನೂ ನನ್ನ ಗಂಡ ಇಂದುಶೇಖರನೂ ಬ್ರೋಕರನ ಕಾಲು ಹಿಡಿದು, ಮುಂಗಡ ಕೊಟ್ಟು, ಮಾಂಸ ಬೇಯಿಸುವುದಿಲ್ಲವೆಂದು ಮಾತು ಕೊಟ್ಟು ಬಂದವರು. ತಾವಾದರೋ, ಡಾಕ್ಟರರ ಭಾಷೆಯಲ್ಲಿ ಪ್ಲಾಸೆಂಟಾ ಎನಿಸಿಕೊಂಡವರು, ಕೂಸಿನ ಜೊತೆ ಕಣ್ಣಿಗೆ ಕಾಣದ ನಾಲ್ಕಾರು ಜೀವಕೋಶಗಳಾಗಿ ಬಂದು, ಯಾರನ್ನೂ ಕೇಳದೆ ಗೋಡೆ ಕೊರೆದು ಒಳಹೊಕ್ಕು, ಬೇರಿನಂತೆ ಕವಲೊಡೆದು, ನನ್ನ ರಕ್ತದ ಕೊಳಾಯಿಗಳನ್ನು ಅಗಲ ಮಾಡಿಸಿ ತಮ್ಮ ಕಡೆಗೆ ತಿರುಗಿಸಿಕೊಂಡಿರಿ. ತಾವು ಹುಟ್ಟಿದ್ದು ನನ್ನಿಂದಲ್ಲ, ಕೂಸು ಹುಟ್ಟಿದ ಬೀಜದಿಂದಲೇ ಎಂದು ಡಾಕ್ಟರಮ್ಮ ಹೇಳಿದರು. ಅಂದರೆ ತಾವು ಅರ್ಧ ಗಂಡನ ಮನೆಯ ಕಡೆಯವರು. ಬಂದವರೇ ನೇರ ಅಡುಗೆಮನೆಗೆ ನುಗ್ಗಿ ಯಜಮಾನಿಕೆ ವಹಿಸಿಕೊಂಡದ್ದು ಏಕೆಂದು ಆಗ ಅರ್ಥವಾಯಿತು.

ತಮ್ಮ ಕಾರ್ಯದಕ್ಷತೆಯ ಬಗ್ಗೆ ಚಕಾರವೆತ್ತುವಂತಿಲ್ಲ. ಕೂಸಿನ ಪಾಲಿಗೆ ಶ್ವಾಸಕೋಶ, ಮೂತ್ರಪಿಂಡ, ಜಠರ, ಎಲ್ಲವೂ ತಾವೊಬ್ಬರೇ. ನನ್ನ ರಕ್ತವೂ ಅದರ ರಕ್ತವೂ ತೆಳ್ಳನೆಯ ಪರದೆಯ ಆಚೀಚೆ ಹರಿಯುತ್ತ, ಉಸಿರನ್ನೂ ಅನ್ನವನ್ನೂ ಕೊಟ್ಟು ಕೊಳೆಯನ್ನು ವಾಪಸು ಪಡೆದರೂ ಒಂದಕ್ಕೊಂದು ಬೆರೆಯುವುದಿಲ್ಲವಂತೆ. ನಮ್ಮತ್ತೆ ಗಿರಿಜಮ್ಮನವರ ಮಡಿಯೂ ಇಷ್ಟು ಕಟ್ಟುನಿಟ್ಟಲ್ಲ. ನಾನು ಆಸೆಪಟ್ಟು ಜಲೇಬಿ ತಿಂದರೆ, ಆ ಸಕ್ಕರೆ ನನ್ನ ಮೈಗೆ ಸುಲಭವಾಗಿ ಹತ್ತದಂತೆ ಏನೋ ರಸ ಸುರಿಸಿ, ಹೆಚ್ಚಿನ ಪಾಲನ್ನು ಕೂಸಿಗೆ ಎತ್ತಿಡುವ ತಮ್ಮ ಕೈಚಳಕವನ್ನು ಏನೆಂದು ಹೊಗಳಲಿ!

ಆದರೆ ಮಹಾಶಯರೇ, ಇಷ್ಟು ವಿಶಾಲವಾದ ಮನೆಯಲ್ಲಿ ತಮಗೆ ಕೂರಲು ಬಾಗಿಲೇ ಬೇಕಿತ್ತೇ? ಕೂಸು ಚೆನ್ನಾಗಿದೆ, ಮಾಸು ಮಾತ್ರ ಗರ್ಭಕೋಶದ ಬಾಯಿಗೆ ಅಡ್ಡವಾಗಿ ಕೆಳಗೆ ಕೂತಿದೆ ಎಂದರು ಸ್ಕ್ಯಾನಿಂಗ್ ಡಾಕ್ಟರು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂಬ ಗಾದೆ ತಮ್ಮನ್ನು ನೋಡಿಯೇ ಹುಟ್ಟಿರಬೇಕು. ತಾವು ಅಲ್ಲೇ ಉಳಿದರೆ ರಕ್ತ ಹೋಗಬಹುದು, ಹೊಟ್ಟೆ ಕುಯ್ಯಲೇಬೇಕಾಗಬಹುದು, ಇನ್ನೂ ಏನೇನೋ ಆಗಬಹುದು. ತಮಾಷೆ ಪಕ್ಕಕ್ಕಿಟ್ಟು ಹೇಳುತ್ತೇನೆ, ನನಗೆ ತುಂಬಾ ಭಯವಾಗಿದೆ. ಸ್ನಾನಕ್ಕೆ ಹೋದಾಗಲೆಲ್ಲ ಬಟ್ಟೆ ನೋಡಿಕೊಂಡೇ ಉಸಿರು ಬಿಡುತ್ತೇನೆ.

ತಮ್ಮಿಂದಾದ ಇನ್ನೊಂದು ಅನಾಹುತವನ್ನೂ ಅರಿಕೆ ಮಾಡಿಕೊಳ್ಳಬೇಕು. ಆಸ್ಪತ್ರೆಯ ನರ್ಸು ನಮ್ಮತ್ತೆಗೆ ಅರ್ಥವಾಗಲೆಂದು, "ಮಾಜೀ, ಆಂವಲ್ ನೀಚೆ ಹೈ" ಎಂದರು. ಹಿಂದಿಯಲ್ಲಿ ಆಂವಲ್ ಎಂದರೆ ತಾವೇ, ನೀಚೆ ಎಂದರೆ ಕೆಳಗೆ. ಆದರೆ ಗಿರಿಜಮ್ಮನವರು ಹಿಂದಿ ಕಲಿತದ್ದು ತರಕಾರಿ ಗಾಡಿಯ ಭಯ್ಯಾಗಳಿಂದ. ಅವರಿಗೆ ಗೊತ್ತಿದ್ದದ್ದು ಆಂವಲಾ, ಅಂದರೆ ನೆಲ್ಲಿಕಾಯಿ. "ಮೈಯಲ್ಲಿ ನೆಲ್ಲಿಕಾಯಿ ಅಂಶ ಕಮ್ಮಿಯಾಗಿದೆಯಂತೆ ಕಣೇ, ಡಾಕ್ಟರಿಗಿಂತ ಆ ನರ್ಸಮ್ಮನೇ ವಾಸಿ" ಎಂದು ಚೀಲಗಟ್ಟಲೆ ನೆಲ್ಲಿಕಾಯಿ ಹೊತ್ತು ತಂದರು. ಅಂದಿನಿಂದ ನೆಲ್ಲಿಕಾಯಿ ಚಿತ್ರಾನ್ನ, ನೆಲ್ಲಿಕಾಯಿ ತಂಬುಳಿ, ನೆಲ್ಲಿಕಾಯಿ ತೊಕ್ಕು. ಎರಡೂ ಬೇರೆ ಬೇರೆ ಎಂದು ನಾನು ಬಿಡಿಸಿ ಹೇಳಿದರೆ, "ಹೆಸರು ಹತ್ತಿರ ಇದೆ ಅಂದಮೇಲೆ ನಂಟಸ್ತಿಕೆ ಇದ್ದೇ ಇರುತ್ತೆ, ಸುಮ್ಮನೆ ತಿನ್ನು" ಎಂದುಬಿಟ್ಟರು. ಇಂದುಶೇಖರ ನಕ್ಕ, ಮರುದಿನದಿಂದ ಅವನ ಡಬ್ಬಿಗೂ ಅದೇ ಹೋಯಿತು.

ಆದ್ದರಿಂದ ನನ್ನ ಕೋರಿಕೆಯಿಷ್ಟು. ತಾವು ಎದ್ದು ನಡೆಯಬೇಕಿಲ್ಲವಂತೆ, ಗರ್ಭಕೋಶದ ಗೋಡೆ ಬೆಳೆದಂತೆ ತಾವಾಗಿಯೇ ಮೇಲೇರುವ ಸಾಧ್ಯತೆಯೇ ಹೆಚ್ಚಂತೆ. ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸ್‌ನವರಿಗೂ ಕೂತಲ್ಲೇ ಇಂಥ ಬಡ್ತಿ ಸಿಕ್ಕಿರಲಾರದು, ದಯವಿಟ್ಟು ಸ್ವೀಕರಿಸಿ. ಕೂಸಿಗೆ ಮೊದಲು ದಾರಿ ಬಿಡಿ, ಆಮೇಲೆ ತಾವೂ ಹೊರಡಿ, ಮನೆ ಖಾಲಿ ಮಾಡುವ ಹುಡುಗರು ಹರಿದ ಹಾಸಿಗೆ ಬಿಟ್ಟುಹೋಗುವಂತೆ ಚೂರುಪಾರು ಉಳಿಸಬೇಡಿ. ನಮ್ಮ ಕಡೆ ತಮ್ಮನ್ನು ಕಸ ಎಂದೂ ಕರೆಯುತ್ತಾರೆ. ಇಷ್ಟೆಲ್ಲ ದುಡಿದವರಿಗೆ ಆ ಹೆಸರು ನನಗೆ ಒಪ್ಪಿಗೆಯಿಲ್ಲ. ತಾವು ಮೇಲೇರಿದರೆ ನನ್ನೆದುರು ಯಾರೂ ಹಾಗೆ ಅನ್ನದಂತೆ ನೋಡಿಕೊಳ್ಳುತ್ತೇನೆ.

ಬೇರೆ ದಾರಿಯಿಲ್ಲದೆ ತಮ್ಮನ್ನೇ ನಂಬಿರುವ,
ತಮ್ಮ ವಿಶ್ವಾಸಿ,
ಅಹಲ್ಯಾ

ಆಮೇಲೆ ಸೇರಿಸಿದ ಮಾತು: ಮಾಘ ಕಳೆದ ಮೇಲೆ ಮತ್ತೆ ಸ್ಕ್ಯಾನ್ ಆಯಿತು. ತಾವು ಮೇಲೇರಿದ್ದೀರಿ, ಬಾಗಿಲು ತೆರವಾಗಿದೆ. ನಾನು ಅಲ್ಲೇ, ಡಾಕ್ಟರೆದುರಿಗೇ ಅತ್ತುಬಿಟ್ಟೆ. ಗಿರಿಜಮ್ಮನವರೂ ಕಣ್ಣೊರೆಸಿಕೊಂಡು, ತಮ್ಮ ಈ ಮಹಾಸಾಧನೆಯ ಕೀರ್ತಿಯನ್ನು ಪೂರ್ತಿಯಾಗಿ ನೆಲ್ಲಿಕಾಯಿ ತೊಕ್ಕಿಗೆ ಕೊಟ್ಟಿದ್ದಾರೆ. ಮುನಿರ್ಕಾದ ಬಸುರಿಯರಿಗೆಲ್ಲ ಈಗ ಅದೇ ಔಷಧಿ. ತಾವು ಬೇಸರಪಡಬಾರದು. ಇಷ್ಟು ತಿಂಗಳಿಂದ ಹೊರುತ್ತಿರುವ ನನ್ನೆದುರೇ, ಕೂಸು ಥೇಟ್ ಇಂದುಶೇಖರನಂತೆಯೇ ಇರುತ್ತದೆಂದು ಅವರು ಈಗಾಗಲೇ ತೀರ್ಪು ಕೊಟ್ಟಾಗಿದೆ.