ಕೊಕ್ಕೆರಾಯನ ನಡತೆ ಪತ್ರ

ಪಟ್ಟಿಯ ಹಿಂಬದಿಯನ್ನು ಯಾರೂ ನೋಡುವುದಿಲ್ಲ. ವಲಸೆ ಕಚೇರಿಯ ಮೂರನೇ ಕೌಂಟರಿನಲ್ಲಿ ಹತ್ತೊಂಬತ್ತು ವರ್ಷ ಕೂತು, "ಹಿಂದೆ ತಿರುಗಿಸಿ ನೋಡೋಕೆ ಏನ್ರೀ ಕಷ್ಟ?" ಎಂದು ಊರ ಜನರನ್ನೆಲ್ಲ ಗದರಿಸಿ ಓಡಿಸಿದ ಮನುಷ್ಯ, ತನ್ನ ಸ್ವಂತ ಪಟ್ಟಿಯನ್ನು ತಿರುಗಿಸಿದ್ದು ಅರ್ಜಿ ಕೊಡಬೇಕಾದ ದಿನದ ಬೆಳಿಗ್ಗೆ, ಹಲ್ಲುಜ್ಜುತ್ತ ನಿಂತಿದ್ದಾಗ.

ಹೆಂಡತಿಯ ದೇಶಕ್ಕೆ ಹೋಗಿ ನೆಲೆಸಲು ಬೇಕಾದ ದಾಖಲೆಗಳ ಪಟ್ಟಿ ಅದು. ಮುಂಬದಿಯ ಹದಿಮೂರೂ ಸಿದ್ಧವಾಗಿದ್ದವು. ಹಿಂಬದಿಯಲ್ಲಿ ಹದಿನಾಲ್ಕನೆಯದೊಂದು ಒಂಟಿ ಪಿಶಾಚಿಯ ಹಾಗೆ ಕೂತಿತ್ತು: ನಡತೆ ಪತ್ರ. ಕೊಡತಕ್ಕವರು, ಅರ್ಜಿದಾರನ ಊರಿನ ವಲಸೆ ಕಚೇರಿ.

ಅವನು ನೊರೆ ಹಾರಿಸಿಕೊಂಡು ನಕ್ಕುಬಿಟ್ಟ. ನಡತೆ ಪತ್ರ ಕೊಡುವುದು ಮೂರನೇ ಕೌಂಟರೇ ತಾನೆ? ಬಡಿಸುವವರು ನಮ್ಮವರಾದರೆ ಪಂಕ್ತಿಯ ಕೊನೆಯಲ್ಲಿ ಕೂತರೇನು ಅನ್ನುತ್ತಾರೆ. ಇಲ್ಲಿ ಬಡಿಸುವವನೇ ತಾನು.

ಕಚೇರಿಯಲ್ಲಿ ಅವನನ್ನು ಬೆನ್ನ ಹಿಂದೆ ಕರೆಯುತ್ತಿದ್ದದ್ದು ಕೊಕ್ಕೆರಾಯ ಎಂದು. ಕೊಕ್ಕೆ ಹಾಕದೆ ಒಂದು ಕಾಗದವನ್ನೂ ಅವನು ಮುಂದಕ್ಕೆ ಬಿಟ್ಟವನಲ್ಲ. ಮದುವೆಯಾದದ್ದೂ ಹಾಗೆಯೇ. ಹಲ್ಲಿನ ಸೆಟ್ಟು ತಯಾರಿಸುವ ಪರದೇಶದ ಹೆಂಗಸೊಬ್ಬಳು ತನ್ನ ವಾಸದ ಅವಧಿ ವಿಸ್ತರಿಸಿಕೊಳ್ಳಲು ಅವನ ಕೌಂಟರಿಗೆ ಬಂದಿದ್ದಳು. ಹನ್ನೊಂದು ಸಲ ಕೊಕ್ಕೆ ಹಾಕಿ ವಾಪಸು ಕಳಿಸಿದ. ಹನ್ನೆರಡನೆಯ ಸಲ ಅವಳು ಬಾರದೆ ಹೋದಾಗ ಅನ್ನ ಸೇರಲಿಲ್ಲ. ಹುಡುಕಿಕೊಂಡು ಹೋಗಿ ಮದುವೆಯಾದ. ಆದರೆ ಅಷ್ಟರಲ್ಲಿ ಅವನ ಕೊಕ್ಕೆಗಳ ದೆಸೆಯಿಂದಲೇ ಅವಳ ಅವಧಿ ಮುಗಿದಿತ್ತು. ಮದುವೆಯಾದ ಆರನೇ ದಿನ ಅವಳು ದೇಶ ಬಿಡಬೇಕಾಯಿತು.

ಇವತ್ತು ಸಂಜೆ ನಾಲ್ಕಕ್ಕೆ ಅವಳ ದೇಶದ ರಾಯಭಾರ ಕಚೇರಿ ಅವನಿಗೆ ಸಮಯ ಕೊಟ್ಟಿತ್ತು. ತಪ್ಪಿದರೆ ಮುಂದಿನದು ಎಂಟು ತಿಂಗಳ ಮೇಲೆ. "ನಾಳೆ ಒಂದು ದಿನ ಯಾರ ತಪ್ಪನ್ನೂ ಹುಡುಕಬೇಡ. ಸುಮ್ಮನೆ ಅರ್ಜಿ ಕೊಟ್ಟು ಬಾ" ಎಂದು ಹಿಂದಿನ ದಿನ ಫೋನಿನಲ್ಲಿ ಹೇಳಿದ್ದಳು. ನಲವತ್ನಾಲ್ಕು ವರ್ಷದಲ್ಲಿ ಅವನಿಗೆ 'ಬಾ' ಅಂದವಳು ಅವಳೊಬ್ಬಳೇ. 'ಹೋಗು' ಅಂದವರು ಬೇಕಾದಷ್ಟಿದ್ದರು.

ಕಚೇರಿಗೆ ಹೋದರೆ ಅವನ ಕುರ್ಚಿಯಲ್ಲಿ ಶಿಷ್ಯೆ ಕೂತಿದ್ದಳು. ಎರಡು ವರ್ಷ ಅವನೇ ತಿದ್ದಿ ತೀಡಿದ ಹುಡುಗಿ. ಅವನು ಕೌಂಟರಿನ ಪಕ್ಕದ ಬಾಗಿಲು ತಳ್ಳಿ ಒಳಗೆ ಕಾಲಿಟ್ಟ.

"ಸಾರ್, ನೀವು ಇವತ್ತು ರಜ. ರಜದಲ್ಲಿದ್ದೋರು ಸಾರ್ವಜನಿಕರು" ಎಂದಳು ಅವಳು ತಲೆ ಎತ್ತದೆ. ತಲೆ ಎತ್ತಬಾರದೆಂದು ಕಲಿಸಿದವನೂ ಅವನೇ.

"ಎರಡು ನಿಮಿಷದ ಕೆಲಸ ಕಣಮ್ಮ. ಒಂದು ನಡತೆ ಪತ್ರ."

"ಟೋಕನ್ ತಗೊಳ್ಳಿ ಸಾರ್."

ಟೋಕನ್ ಅರವತ್ತೊಂದು. ಕರೆಯುತ್ತಿದ್ದದ್ದು ಹತ್ತೊಂಬತ್ತನ್ನು. ಅವನು ಬೆಂಚಿನ ಮೇಲೆ ಕೂತ. ಅದಕ್ಕೆ ಒರಗು ಇರಲಿಲ್ಲ. ಒರಗು ಕೊಟ್ಟರೆ ಜನ ಬೇರು ಬಿಡುತ್ತಾರೆ ಎಂದು ಟಿಪ್ಪಣಿ ಬರೆದು ಕೀಳಿಸಿದ್ದು ಯಾರೆಂದು ಹೇಳಬೇಕಾಗಿಲ್ಲ. ಅರ್ಧ ಗಂಟೆಯಲ್ಲಿ ಸೊಂಟ ಶಪಿಸತೊಡಗಿತು.

ಪಕ್ಕದಲ್ಲಿದ್ದ ಮುದುಕಿ ಅವನ ಕಡೆ ವಾಲಿ ಪಿಸುಗುಟ್ಟಿದಳು: "ಇವತ್ತು ಆ ಕೊಕ್ಕೆ ರಜವಂತೆ. ನಮ್ಮ ಪುಣ್ಯ. ಅವನ ಮುಖ ನೋಡಿದೀರಾ?"

"ಇಲ್ಲ" ಎಂದ ಕೊಕ್ಕೆರಾಯ.

"ನಾನೂ ನೋಡಿಲ್ಲ. ನೆತ್ತಿ ಮಾತ್ರ ನೋಡಿದೀನಿ. ನೆತ್ತೀಲೇ ಗೊತ್ತಾಗುತ್ತೆ, ಆಸಾಮಿ ಎಂಥೋನು ಅಂತ."

ಅವನು ಮೆಲ್ಲನೆ ಟೊಪ್ಪಿಗೆ ಹಾಕಿಕೊಂಡ.

ಹನ್ನೆರಡಕ್ಕೆ ಸರದಿ ಬಂತು. ಶಿಷ್ಯೆ ಅರ್ಜಿಯನ್ನು ಬೆಳಕಿಗೆ ಹಿಡಿದಳು, ಮೂಸಿದಳು, ಕೊನೆಗೆ ವಾಪಸು ತಳ್ಳಿದಳು. "ಫೋಟೋದಲ್ಲಿ ಕಿವಿ ಪೂರ್ತಿ ಕಾಣ್ತಿಲ್ಲ ಸಾರ್."

"ನನ್ನ ಕಿವಿ ಇರೋದೇ ಹಾಗೆ! ತಲೆಗೆ ಅಂಟಿಕೊಂಡಿದೆ. ಎರಡು ವರ್ಷದಿಂದ ನೋಡ್ತಿಲ್ವಾ?"

"ನಾನು ನೋಡಿರೋದು ಸಾಕ್ಷಿ ಆಗಲ್ಲ ಸಾರ್. ಕಾಗದದಲ್ಲಿ ಇದ್ದರೆ ಕಿವಿ, ಇಲ್ಲದಿದ್ದರೆ ಇಲ್ಲ. ನಿಮ್ಮದೇ ಮಾತು." ಅವಳ ಕಣ್ಣಿನಲ್ಲಿ ನೀರು ತುಂಬಿಕೊಂಡಿತು. "ನಿಮಗೋಸ್ಕರ ನಿಯಮ ಸಡಿಲಿಸಿದರೆ ನೀವು ಕಲಿಸಿದ್ದಕ್ಕೇ ಅವಮಾನ ಸಾರ್. ನನ್ನ ಕೈಲಿ ಆಗಲ್ಲ."

ಇಂಥ ಭಕ್ತಿಯ ಮುಂದೆ ಬೈಗುಳವೂ ಹೊರಡುವುದಿಲ್ಲ. ಅವನು ಎದುರಿನ ಫೋಟೋ ಅಂಗಡಿಗೆ ಓಡಿದ. ಫೋಟೋದವನು ಎರಡೂ ಕಿವಿಯ ಹಿಂದೆ ಹತ್ತಿಯ ಉಂಡೆ ತುರುಕಿ, "ಉಸಿರು ಬಿಗಿ ಹಿಡೀರಿ" ಎಂದ. ಬಂದ ಫೋಟೋದಲ್ಲಿ ಕೊಕ್ಕೆರಾಯ ಎರಡು ಹಿಡಿಯ ಬಾಣಲೆಯ ಹಾಗೆ ಕಾಣುತ್ತಿದ್ದ. ಶಿಷ್ಯೆಗೆ ಬಹಳ ಹಿಡಿಸಿತು.

"ಇನ್ನು ಇಬ್ಬರು ಪರಿಚಯದವರ ಸಾಕ್ಷಿ, ಅರ್ಜಿದಾರ ಸಜ್ಜನ ಅಂತ."

ಕಾವಲುಗಾರ ಓದದೆ ರುಜು ಹಾಕಿದ. ಅವನು ಏನನ್ನೂ ಓದುತ್ತಿರಲಿಲ್ಲ. ತೊಡಕಾದದ್ದು ಟಪಾಲು ವಿಭಾಗದ ಅಕ್ಕ. ಅವಳು ಕನ್ನಡಕ ಏರಿಸಿ, ಇಡೀ ವಿಭಾಗ ಕೇಳುವ ಹಾಗೆ ಓದಿದಳು. "'ಇವರು ಸಜ್ಜನರೆಂದು ನಾನು ಬಲ್ಲೆ.' ಅಯ್ಯೋ! ಸುಳ್ಳು ಸಾಕ್ಷಿಗೆ ಜೈಲು ಇದೆಯಪ್ಪ."

"ಅಕ್ಕ, ಹತ್ತೊಂಬತ್ತು ವರ್ಷ ಒಟ್ಟಿಗೆ ಕೆಲಸ ಮಾಡಿದೀವಿ."

"ಅದಕ್ಕೇ ಹೇಳ್ತಿರೋದು."

ಸುತ್ತಲಿನ ಮೇಜುಗಳವರು ಕುರ್ಚಿ ಎಳೆದುಕೊಂಡು ಬಂದರು. ಒಬ್ಬ 'ನಿರುಪದ್ರವಿ' ಅಂದ. ಅದು ಹಲ್ಲಿಗೂ ಅನ್ವಯಿಸುತ್ತದೆ ಎಂದು ಇನ್ನೊಬ್ಬ ತಕರಾರು ತೆಗೆದ. ಮುಕ್ಕಾಲು ಗಂಟೆ ಚೌಕಾಸಿಯಾಗಿ, 'ನಾನು ಕಂಡಂತೆ ಇವರು ಯಾರನ್ನೂ ಹೊಡೆದಿಲ್ಲ' ಎಂಬಲ್ಲಿಗೆ ರಾಜಿಯಾಯಿತು. ಅಕ್ಕ ರುಜು ಹಾಕಿದಳು. ಎರಡೂವರೆ.

ಕಡತ ಸಾಹೇಬರ ಕೋಣೆಗೆ ಹೋಯಿತು. ಸಾಹೇಬರು ಮುದ್ರೆ ಎತ್ತಿದರು, ನಿಲ್ಲಿಸಿದರು.

"ಸೇವೆಯಲ್ಲಿ ಇರೋರಿಗೆ ಅವರದೇ ಇಲಾಖೆ ನಡತೆ ಪತ್ರ ಕೊಡೋ ಹಾಗಿಲ್ಲವಲ್ಲ ಕಣಯ್ಯ. ಪಕ್ಷಪಾತ ಆಗುತ್ತೆ. ಸುತ್ತೋಲೆ ಇದೆ."

"ಯಾವ ಅವಿವೇಕಿ ಬರೆದಿದ್ದು ಸಾರ್ ಅದನ್ನ?"

ಸಾಹೇಬರು ಸುತ್ತೋಲೆಯನ್ನು ಅವನ ಕಡೆ ತಿರುಗಿಸಿದರು. ಕೆಳಗಿದ್ದ, ಕರಡು ಬರೆದವನ ರುಜುವನ್ನು ಅವನು ಗುರುತಿಸಿದ. ದಿನಾ ಬೆಳಿಗ್ಗೆ ಹಾಜರಿ ಪುಸ್ತಕದಲ್ಲಿ ತಾನೇ ಹಾಕುವ ರುಜು.

"ಒಂದೇ ದಾರಿ" ಎಂದರು ಸಾಹೇಬರು. "ಸೇವೆಯಲ್ಲಿ ಇಲ್ಲದಿದ್ದರೆ ಈ ಕ್ಷಣ ಕೊಡಬಹುದು."

ಹತ್ತೊಂಬತ್ತು ವರ್ಷದ ನೌಕರಿ. ಕುರ್ಚಿ, ಮುದ್ರೆ, ಕಿಟಕಿಯಾಚೆ ಕೈಕಟ್ಟಿ ನಿಲ್ಲುವ ಜನ. ಹೇಗಿದ್ದರೂ ಒಂದು ದಿನ ಬಿಡುವುದೇ ತಾನೆ, ಹೆಂಡತಿ ಕಾಯುತ್ತಿದ್ದಾಳೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಬಿಳಿ ಹಾಳೆ ಕೇಳಿದ. ಸಾಹೇಬರು ಪೆನ್ನನ್ನೂ ಕೊಟ್ಟರು, ಕ್ಯಾಪು ತೆಗೆದು.

ಅವನ ಜೀವಮಾನದಲ್ಲಿ ಆ ಕಚೇರಿ ಅಷ್ಟು ಚುರುಕಾಗಿ ಕೆಲಸ ಮಾಡಿದ್ದನ್ನು ಅವನು ಕಂಡಿರಲಿಲ್ಲ. ಮೂರು ಗಂಟೆಗೆ ರಾಜೀನಾಮೆ. ಮೂರೂ ಎರಡಕ್ಕೆ ಅಂಗೀಕಾರ. ಮೂರೂ ಐದಕ್ಕೆ ಬೀಳ್ಕೊಡುಗೆ. ಅಕ್ಕ ಎರಡು ಮಾತಾಡಿದಳು. ಚಪ್ಪಾಳೆ ಮಾತಿಗಿಂತ ಉದ್ದವಾಗಿತ್ತು, ಇನ್ನೂ ನಡೆಯುತ್ತಲೇ ಇತ್ತು. ಅವನು ನಡತೆ ಪತ್ರವನ್ನು ಎದೆಗವಚಿಕೊಂಡು ಮೆಟ್ಟಿಲು ಇಳಿದ.

ಬಾಡಿಗೆ ಕಾರು ಹಿಡಿದು ರಾಯಭಾರ ಕಚೇರಿ ಮುಟ್ಟಿದಾಗ ನಾಲ್ಕಕ್ಕೆ ನಾಲ್ಕು ನಿಮಿಷ. ಗಾಜಿನ ಹಿಂದೆ ಕೂತಿದ್ದವನು ಹೆಂಡತಿಯ ದೇಶದವನೇ. ಸಣ್ಣ ಮೀಸೆ, ದೊಡ್ಡ ನಿಟ್ಟುಸಿರು. ಒಂದೊಂದೇ ಕಾಗದ ತಿರುಗಿಸುತ್ತ ಹೋದ. ಹದಿಮೂರೂ ಸರಿ. ಹದಿನಾಲ್ಕನೆಯದಕ್ಕೆ ಬಂದು, 'ಮೂರನೇ ಕೌಂಟರಿನ ಗುಮಾಸ್ತ' ಎಂದಿದ್ದ ಮೊದಲ ಸಾಲಿನಲ್ಲೇ ಥಟ್ಟನೆ ನಿಂತ.

"ನೀವು ವಲಸೆ ಕಚೇರಿಯವರಾ? ಮೂರನೇ ಕೌಂಟರಾ?"

ಕೊಕ್ಕೆರಾಯ ಟೊಪ್ಪಿಗೆಯನ್ನು ಹುಬ್ಬಿನವರೆಗೆ ಎಳೆದುಕೊಂಡ. ಆದರೆ ಮೀಸೆಯವನ ಮುಖ ಹೊತ್ತಿಸಿದ ದೀಪದಂತೆ ಅರಳಿತು. ಅತ್ತಿತ್ತ ನೋಡಿ, ಗಾಜಿನ ರಂಧ್ರಕ್ಕೆ ಬಾಯಿಟ್ಟ.

"ದೇವರು ಕಳಿಸಿದ ಹಾಗೆ ಬಂದ್ರಿ! ನಾನು ಮದುವೆ ಆಗಿರೋದು ಈ ಊರಿನವಳನ್ನೇ. ಇಲ್ಲಿ ನನ್ನ ಕೆಲಸ ಈ ತಿಂಗಳು ಮುಗಿಯುತ್ತೆ. ಇಲ್ಲೇ ಉಳೀಬೇಕು ಅಂತ ನಿಮ್ಮ ಕೌಂಟರಿಗೆ ಒಂಬತ್ತು ಸಲ ಅರ್ಜಿ ಕೊಟ್ಟೆ. ಒಂಬತ್ತೂ ವಾಪಸು. ನನ್ನವಳು ಅತ್ತು ಅತ್ತು ಸಾಕಾಗಿದ್ದಾಳೆ. ಹೋದದ್ದು ಹೋಗಲಿ, ನನಗೆ ಕೋಪ ಇಲ್ಲ. ನಿಮ್ಮದು ನನ್ನ ಕೈಲಿದೆ, ನನ್ನದು ನಿಮ್ಮ ಕೈಲಿದೆ. ಈಗಲೇ ಮಂಜೂರು ಮಾಡ್ತೀನಿ. ನಾಳೆ ನೀವು ನನ್ನದಕ್ಕೆ ಒಂದು ರುಜು ಹಾಕಿಬಿಡಿ. ಆಯ್ತಾ?"

ಮುದ್ರೆಯನ್ನು ಶಾಯಿಗೆ ಒತ್ತಿ, ಎತ್ತಿ ಹಿಡಿದೇ ಕೇಳಿದ.

'ಆಯ್ತು' ಎಂಬ ಎರಡಕ್ಷರ ಕೊಕ್ಕೆರಾಯನ ನಾಲಿಗೆಯ ತುದಿಯಲ್ಲಿತ್ತು. ಆದರೆ ಮೀಸೆಯವನು ಅಷ್ಟರಲ್ಲಿ ನಡತೆ ಪತ್ರದ ಕೊನೆಯ ಸಾಲಿಗೆ ಕಣ್ಣು ಹಾಯಿಸಿದ್ದ. ಸದರಿಯವರು ಇಂದು ಅಪರಾಹ್ನ ಮೂರು ಗಂಟೆಯಿಂದ ಸೇವೆಯಲ್ಲಿರುವುದಿಲ್ಲ.

ಮುದ್ರೆ ನಿಧಾನವಾಗಿ ಕೆಳಗಿಳಿಯಿತು, ಕಾಗದದ ಮೇಲಲ್ಲ, ಡಬ್ಬಿಯೊಳಕ್ಕೆ.

"ಹಾಗಾದ್ರೆ ಆ ಕೌಂಟರಲ್ಲಿ ಈಗ ಯಾರಿದಾರೆ?"

"ನನ್ನ ಶಿಷ್ಯೆ."

"ಅವರು ಹೇಗೆ?"

ಕೊಕ್ಕೆರಾಯ ಸುಳ್ಳು ಹೇಳಬಹುದಿತ್ತು. ಯಾಕೋ ಬಾಯಿ ಬರಲಿಲ್ಲ. "ನನಗಿಂತ ಚೆನ್ನಾಗಿ ತಯಾರಾಗಿದ್ದಾಳೆ" ಎಂದ.

ಮೀಸೆಯವನು ಅರ್ಜಿಯ ಮೊದಲ ಪುಟಕ್ಕೆ ಹೋಗಿ, ಒಂದು ಸಾಲಿನ ಕೆಳಗೆ ಅಳತೆಪಟ್ಟಿ ಇಟ್ಟು ಗೆರೆ ಎಳೆದ. "ಉದ್ಯೋಗ: ಸರ್ಕಾರಿ ನೌಕರಿ ಅಂತ ಬರೆದಿದ್ದೀರಿ. ನೌಕರಿ ಇಲ್ಲ. ತಪ್ಪು ಮಾಹಿತಿ. ಎಂಟು ತಿಂಗಳ ಮೇಲೆ ಬನ್ನಿ." ಪರದೆ ಜಾರಿತು.

ಹೊರಗೆ ಮೆಟ್ಟಿಲ ಮೇಲೆ ಕೂತಾಗ ಫೋನು ಬಂತು.

"ಆಯ್ತಾ?" ಎಂದಳು ಹೆಂಡತಿ.

"ಎಂಟು ತಿಂಗಳು."

ಅವಳು ಬೈಯುತ್ತಾಳೆಂದು ಅವನು ಕಿವಿ ಮುದುಡಿಕೊಂಡ. ಬೈಯಲಿಲ್ಲ.

"ಹೋಗಲಿ ಬಿಡು" ಎಂದಳು ಮೆತ್ತಗೆ. "ನಿನಗೇನು, ಒಳ್ಳೇ ನೌಕರಿ ಇದೆ. ಎಂಟು ತಿಂಗಳು ಹೇಗೋ ಕಳೆದು ಹೋಗುತ್ತೆ."