ಹಣೆಗೆ ಹೋದ ಹೆಬ್ಬೆರಳು

ಯಂತ್ರದ ಎದುರು ನಿಂತಾಗ, ನಾನು ನಾನೇ ಹೌದೋ ಅಲ್ಲವೋ ಎಂಬ ಅನುಮಾನ ನನಗೇ ಬರುತ್ತದೆ. ಇದು ಹಳಿಯಾಳದ ರೇಷನ್ ಅಂಗಡಿ ಅಂಟಿಸಿದ ರೋಗ. ಅಲ್ಲಿನ ಯಂತ್ರದಲ್ಲಿ ಹೆಬ್ಬೆರಳಿನ ಗುರುತು ಮೂಡದಿದ್ದರೆ ಅಂಗಡಿಯವರು "ಹಣಿಗೆ ತಿಕ್ಕಿ ಇಡ್ರಿ, ಮಾಸ್ತರ" ಅನ್ನುತ್ತಾರೆ. ಜಿಡ್ಡು ಹತ್ತಿದರೆ ಗೆರೆ ಎದ್ದು ಕಾಣುತ್ತದಂತೆ. ನಾನು ಸ್ನಾನಕ್ಕೆ ಮುಂಚೆಯೇ ಹೋಗುವವನು, ಜಿಡ್ಡಿಗೆ ಕೊರತೆಯಿಲ್ಲ. ಮಾಸ್ತರರ ತಲೆ ಇದಕ್ಕಾದರೂ ಉಪಯೋಗಕ್ಕೆ ಬಂತಲ್ಲ ಎಂದು ಸಾಲಿನವರು ನಗುತ್ತಾರೆ. ಅಕ್ಕಿ ಸಿಗುವುದರಿಂದ ನಾನೂ ನಗುತ್ತೇನೆ.

ಮಸ್ಕತ್‌ನಲ್ಲಿರುವ ಮಗಳಿಗೆ ಹೆರಿಗೆ ಸಮೀಪಿಸಿತ್ತು. ನಾನೂ ನನ್ನ ಹೆಂಡತಿ ಗಿರಿಜೆಯೂ ಹೊರಟೆವು. ವಿಮಾನ ಇಳಿಯುವ ಮೊದಲು ಹಣೆಗೆ ದಟ್ಟವಾಗಿ ವಿಭೂತಿ ಹಚ್ಚಿಕೊಂಡೆ. ಪರದೇಶ, ಧೈರ್ಯಕ್ಕಿರಲಿ ಎಂದು. ಗಿರಿಜೆಯ ಬೆರಳುಗಳನ್ನು ಅಲ್ಲಿನ ಪಾಸ್‌ಪೋರ್ಟ್ ತಪಾಸಣೆಯ ಯಂತ್ರ ಒಂದೇ ಸಲಕ್ಕೆ ಒಪ್ಪಿತು. ಆಕೆ ಆಚೆ ಹೋಗಿ ನಿಂತಳು. ನನ್ನದು ಮೂಡಲಿಲ್ಲ. ಮತ್ತೊಮ್ಮೆ ಇಡಿ ಎಂದು ಅಧಿಕಾರಿ ಸನ್ನೆ ಮಾಡಿದ. ನನ್ನ ಕೈ ತಾನಾಗಿಯೇ ಹಣೆಗೆ ಹೋಯಿತು. ಗಾಜು ಬೆಳ್ಳಗಾಯಿತು. ಆತ ಒರೆಸಿದ, ನಾನು ಇನ್ನಷ್ಟು ಗಟ್ಟಿಯಾಗಿ ಹಣೆ ತಿಕ್ಕಿದೆ.

ಹಿಂದಿದ್ದವರು ಗೊಣಗತೊಡಗಿದರು. ಆದರೆ ನಾನು ಹೆದರಿದ್ದು ಗಿರಿಜೆಯ ಮಾತಿಗೆ. "ನಿಮ್ಮನ್ನ ಬಿಡಲಿಲ್ಲಂದ್ರ ನಾನೂ ನಿಮ್ಮ ಕೂಡ ತಿರುಗಿ ಬರ್ತೇನಿ," ಅಂದಳು. ಹೇಳಿದ್ದನ್ನು ಮಾಡುವವಳೇ. ನನ್ನ ಬೆರಳಿನ ದೆಸೆಯಿಂದ ಮಗಳು ತಾಯಿಯಿಲ್ಲದೆ ಹೆರಬೇಕಾಗುತ್ತದಲ್ಲ!

ಅಧಿಕಾರಿ ಪಾಸ್‌ಪೋರ್ಟಿನ ಫೋಟೋ ನೋಡಿದ, ನನ್ನ ಮುಖ ನೋಡಿದ. ನೀವೇ ಎಂದು ನನಗೆ ಗೊತ್ತು, ಈ ಯಂತ್ರಕ್ಕೂ ಗೊತ್ತಾಗಬೇಕಲ್ಲ ಎಂದು ಮುರುಕು ಹಿಂದಿಯಲ್ಲಿ ಮೆತ್ತಗೆ ಹೇಳಿದ. ಎದ್ದು ಬಂದು, ಒದ್ದೆ ಕಾಗದದಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಒರೆಸಿದ. ನನ್ನ ಕೈ ಮತ್ತೆ ಹಣೆಯತ್ತ ಏಳುತ್ತಿತ್ತು.

"ಕೈ ಕೆಳಗ ಇರಲಿ. ಇದು ರೇಷನ್ ಅಂಗಡಿ ಅಲ್ರಿ," ಅಂದಳು ಗಿರಿಜೆ.

ಆತನಿಗೆ ಕನ್ನಡ ಬಾರದು. ಆದರೂ ನನ್ನ ಮಣಿಕಟ್ಟು ಹಿಡಿದು ತಾನೇ ಗಾಜಿನ ಮೇಲಿಟ್ಟ. ಹಸಿರು ದೀಪ ಹತ್ತಿತು. ಇಷ್ಟೆಲ್ಲ ಆದರೂ ಹಣೆಯ ವಿಭೂತಿ ಒರೆಸಿಕೊಳ್ಳಿ ಎಂದು ಮಾತ್ರ ಆತ ಅನ್ನಲಿಲ್ಲ. ಅದನ್ನು ನೆನೆದು ಇವತ್ತಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಮೊಮ್ಮಗಳು ಹುಟ್ಟಿದಾಗ ಗಿರಿಜೆ ಮಗಳ ಪಕ್ಕದಲ್ಲೇ ಇದ್ದಳು.

ಊರಿಗೆ ಮರಳಿದ ಮೇಲೆ ಗಿರಿಜೆಯೊಡನೆ ರೇಷನ್ನಿಗೆ ಹೋದೆ. ಬೆರಳು ಮೂಡಲಿಲ್ಲ. ಅಂಗಡಿಯವರು ಹಣೆಗೆ ತಿಕ್ಕಲು ಹೇಳಿದರೆ ನಾನು ಒಪ್ಪಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳುತ್ತ, ಪರದೇಶದ ಪದ್ಧತಿಯನ್ನು ಸಾಲಿಗೆಲ್ಲ ವಿವರಿಸಿದೆ. ಆಗಲೂ ಮೂಡಲಿಲ್ಲ. ಕೊನೆಗೆ ಗಿರಿಜೆ ನನ್ನ ಮಣಿಕಟ್ಟು ಹಿಡಿದು, ಹೆಬ್ಬೆರಳನ್ನು ನನ್ನ ಹಣೆಗೇ ತಿಕ್ಕಿ ಯಂತ್ರದ ಮೇಲಿಟ್ಟಳು. ಮೂಡಿತು. ಅಕ್ಕಿ ಚೀಲ ಹೊರುವಾಗ ಮಾತ್ರ ನನ್ನ ಗುರುತನ್ನು ಯಾರೂ ಕೇಳಲಿಲ್ಲ.